ಕಾರ್ಮೊಸಿನಾ ಅತ್ತೆಯ ಮೊದಲ ಸಾವು

ಪಿಯೆತ್ರಾಸೋರ್ದಾ ಊರಿನಲ್ಲಿ ಸದ್ದಿಲ್ಲದೆ ನಡೆಯುವ ಸಂಗತಿಗಳು ಎರಡೇ. ಒಂದು, ಪುರಸಭೆಯ ಕೆಲಸ. ಇನ್ನೊಂದು, ಎಜಿಡಿಯೊ ತನ್ನ ಸ್ವಂತ ಮನೆಯಲ್ಲಿ ಕೊಡುವ ಅಭಿಪ್ರಾಯ. ಉಳಿದದ್ದಕ್ಕೆಲ್ಲ ಸದ್ದುಂಟು. ಇಗರ್ಜಿಯ ಗಂಟೆ ಕಾಲು ಗಂಟೆಗೊಮ್ಮೆ ಬಡಿಯುತ್ತದೆ. ತರಕಾರಿ ವ್ಯಾನಿನವನು ಧ್ವನಿವರ್ಧಕದಲ್ಲಿ ಎಲೆಕೋಸನ್ನು ಹೊಗಳುತ್ತಾನೆ. ಹೆಂಗಸರು ಕಿಟಕಿಯಿಂದ ಕಿಟಕಿಗೇ ಮಾತಾಡುತ್ತಾರೆ, ಏಕೆಂದರೆ ಕೆಳಗಿಳಿದು ಬಂದು ಮಾತಾಡಿದರೆ ಅದೇನೋ ಗುಟ್ಟೆಂದು ಊರೇ ಕಿವಿ ನಿಮಿರಿಸುತ್ತದೆ.

ಇಂಥ ಊರಿನ ಬಗ್ಗೆ ಎಜಿಡಿಯೊ ಅಂತರ್ಜಾಲದಲ್ಲಿ ಜಾಹೀರಾತು ಹಾಕಿಸಿದ್ದ. "ಬೆಟ್ಟದ ಮೇಲಿನ ನಿಶ್ಶಬ್ದ ಊರು. ಇಲ್ಲಿ ಗಾಳಿಯೂ ತುದಿಗಾಲಲ್ಲಿ ನಡೆಯುತ್ತದೆ. ಅತಿಥಿಗಳಿಗೆ ಒಂದು ಕೋಣೆ." ಅಂಚೆ ಕಚೇರಿಯಲ್ಲಿ ಆಯುಷ್ಯವೆಲ್ಲ ಪರರ ಕಾಗದಗಳಿಗೆ ಮುದ್ರೆ ಒತ್ತಿ ನಿವೃತ್ತನಾದವನಿಗೆ, ಒಮ್ಮೆಯಾದರೂ ಯಾರಾದರೂ ತನ್ನನ್ನೇ ಹುಡುಕಿಕೊಂಡು ದೂರದಿಂದ ಬರಲಿ ಎಂಬ ಆಸೆ ಹುಟ್ಟಿದ್ದು ತಪ್ಪೇನಲ್ಲ. ತೊಂದರೆ ಏನೆಂದರೆ ಮಹಡಿಯ ಆ ಕೋಣೆಯ ಮೇಲೆ ಅವನ ಹೆಂಡತಿಯ ತಮ್ಮ ಕಾನಿಯೊನಿಗೂ ಕಣ್ಣಿತ್ತು. ಉತ್ತರಕ್ಕೆ ಮುಖ, ಒಣ ಗಾಳಿ, ಗಟ್ಟಿ ತೊಲೆ. ಹಂದಿ ಕೊಯ್ದ ಮೇಲೆ ಸಾಸೇಜು ತೂಗುಹಾಕಿ ಒಣಗಿಸಲು ದೇವರೇ ಕಟ್ಟಿಸಿದ ಕೋಣೆ ಎಂದು ಕಾನಿಯೊ ಪ್ರತಿ ಚಳಿಗಾಲದಲ್ಲೂ ಹೇಳುತ್ತಿದ್ದ.

ಫೆಬ್ರವರಿಯಲ್ಲಿ ಮೊದಲ ಅತಿಥಿ ಬರುವುದು ಖಾತ್ರಿಯಾಯಿತು. ಅದೇ ಗುರುವಾರ ಹೆಂಡತಿ ಡೊನಾಟಿನಾ ತನ್ನ ತಾಯಿಯನ್ನು ಕರೆದುಕೊಂಡು ಪಾದ್ರಿಗಳ ಬಸ್ಸಿನಲ್ಲಿ ಮಾತೆಯ ಕ್ಷೇತ್ರಕ್ಕೆ ಯಾತ್ರೆ ಹೊರಟಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಪ್ಪಣೆ ಕೊಟ್ಟಳು.

"ನೋಡು ಎಜಿಡಿಯೊ, ನಾವು ವಾಪಸ್ ಬರೋದು ಭಾನುವಾರ. ಅಷ್ಟರ ತನಕ ಆ ಹೆಂಗಸು ಇದ್ದು, ನಗ್ತಾ ಹೋದ್ರೆ ಕೋಣೆ ನಿಂದು. ಮಧ್ಯದಲ್ಲೇ ಗಂಟುಮೂಟೆ ಕಟ್ಟಿದ್ಲೋ, ಸೋಮವಾರವೇ ಕಾನಿಯೊನ ಸಾಸೇಜು ಮೇಲೆ ಹತ್ತುತ್ತೆ. ಪುರಸಭೆಗೆ ಅರ್ಜಿ ಹಾಕಿದೀಯ ತಾನೆ?"

"ಹಾಕದೇ ಇರ್ತೀನಾ?" ಎಂದ ಎಜಿಡಿಯೊ. ಹಾಕಿರಲಿಲ್ಲ.

ಮಗ ಕಾನಿಯೊನ ಮನೆಯಲ್ಲಿರುವ ಅತ್ತೆ ಕಾರ್ಮೊಸಿನಾ ಕಿಟಕಿ ಪಕ್ಕದ ಆಸನದಿಂದಲೇ ಮಗಳನ್ನು ಕೇಳಿದಳು, "ಆ ಅಂಚೆಯವನು ಏನಂತಾನೆ?" ಮದುವೆಯಾದಾಗಿನಿಂದ ಅವಳು ಅಳಿಯನನ್ನು ಹೆಸರು ಹಿಡಿದು ಕರೆದವಳಲ್ಲ. ಅವನೆದುರಿಗೇ ಅವನನ್ನು 'ಆ ಅಂಚೆಯವನು' ಎನ್ನುತ್ತಿದ್ದಳು.

ಸಂಜೆಯ ಬಸ್ಸಿಗೆ ಅತಿಥಿ ಬಂದಳು. ಹೆಸರು ಗುನ್ವೊರ್, ಸ್ವೀಡನ್ ದೇಶದ ನಿವೃತ್ತ ಶಾಲಾ ಶಿಕ್ಷಕಿ. ಮೈಗೆ ಉದ್ದನೆಯ ಕರಿ ಕೋಟು, ಬಾಗಿಲಿಗೆ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಕೈಯಲ್ಲೊಂದು ಪುಟ್ಟ ಪುಸ್ತಕ. ಅದನ್ನು ನೋಡಿಕೊಂಡು ಒಂದೊಂದೇ ಮಾತನ್ನು ಮೊಟ್ಟೆಯಂತೆ ಜೋಪಾನವಾಗಿ ಹೊರಗಿಡುತ್ತಿದ್ದಳು. ಎದುರು ಮನೆಯಲ್ಲಿರುವವನು ಪುರಸಭೆಯ ಪೇದೆ ಸವೇರಿಯೊ. ಪರವಾನಗಿಯಿಲ್ಲದೆ ಕೋಣೆ ಕೊಟ್ಟದ್ದು ಅವನಿಗೆ ಗೊತ್ತಾದರೆ ಅಂದೇ ಬೀಗ. ಹಾಗಾಗಿ ಎಜಿಡಿಯೊ ಅತಿಥಿಯನ್ನು ಹಿತ್ತಲ ಓಣಿಯಲ್ಲಿ, ಕೋಳಿ ಕದ್ದವನಂತೆ, ಒಳಗೆ ಸೇರಿಸಿದ.

"ಶಾಂತ?" ಎಂದು ಗುನ್ವೊರ್ ಪುಸ್ತಕ ನೋಡಿ ಕೇಳಿದಳು.

"ಪೂರ್ತಿ ಶಾಂತ," ಎಂದು ಎಜಿಡಿಯೊ ಎದೆಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಅವನಪ್ಪನ ಕಾಲದ ಗೋಡೆ ಗಡಿಯಾರ, ಅಟ್ಟದಿಂದ ಕೊಪ್ಪರಿಗೆ ಉರುಳಿಸಿದಂತೆ, ಆರು ಹೊಡೆಯಿತು. ಅತಿಥಿಯ ಹುಬ್ಬು ಮೇಲೇರಿದ್ದನ್ನು ಅವನು ನೋಡಿದ. ಅವಳು ಮೆಟ್ಟಿಲು ಹತ್ತಿದ ತಕ್ಷಣ ಓಡಿಹೋಗಿ ಲೋಲಕವನ್ನು ಹಿಡಿದು ನಿಲ್ಲಿಸಿದ.

ಬೆಳಿಗ್ಗೆ ಗಡ್ಡ ಹೆರೆಯಲೆಂದು ನಲ್ಲಿ ತಿರುಗಿಸಿದರೆ ಹಳೇ ಕೊಳವೆ ಗೋಡೆಯೊಳಗಿಂದ ಕಿರುಚಿತು. ಗಡ್ಡ ಬೇಡವೆಂದು ನಲ್ಲಿ ಮುಚ್ಚಿದ. ಒಲೆ ಹೊತ್ತಿಸೋಣವೆಂದರೆ ಅದರ ಕಬ್ಬಿಣದ ಮುಚ್ಚಳ ಎತ್ತಿದಾಗಲೊಮ್ಮೆ ಠಣ್ ಎನ್ನುತ್ತಿತ್ತು. ಅಡುಗೆಮನೆಯೋ ಅತಿಥಿಯ ಮಂಚದ ನೇರ ಕೆಳಗೆ. ಒಲೆಯೂ ಬೇಡವಾಯಿತು. ಸವೇರಿಯೊನ ಕಣ್ಣಿಗೆ ಬೀಳಬಾರದೆಂದು ಬೀದಿ ಕಡೆಯ ಕಿಟಕಿಗಳನ್ನು ರಾತ್ರಿಯೇ ಮುಚ್ಚಿದ್ದ.

ಗಡಿಯಾರ ನಿಂತಿದೆ, ಕಿಟಕಿ ಮುಚ್ಚಿದೆ, ಹೊಗೆಗೂಡಿನಲ್ಲಿ ಹೊಗೆಯಿಲ್ಲ, ಗಂಡಸು ಗಡ್ಡ ತೆಗೆದಿಲ್ಲ. ಪಿಯೆತ್ರಾಸೋರ್ದಾದಲ್ಲಿ ಇದಕ್ಕೆ ಅರ್ಥ ಒಂದೇ, ಆ ಮನೆಯಲ್ಲಿ ಸಾವಾಗಿದೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಅಪ್ಪ ಸತ್ತಾಗ, ಅಮ್ಮ ಸತ್ತಾಗ ಎಜಿಡಿಯೊ ಇದನ್ನೆಲ್ಲ ತನ್ನ ಕೈಯಾರೆ ಮಾಡಿದ್ದವನೇ. ಆದರೆ ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ, ಆ ಶುಕ್ರವಾರ ಅವನ ತಲೆಯಲ್ಲಿ ಸ್ವೀಡನ್ ದೇಶವಲ್ಲದೆ ಬೇರೇನೂ ಇರಲಿಲ್ಲ.

ಅವನು ಹೊರಗೆ ಬಂದು ಎದುರು ಸಾಲಿನ ಮಫಾಲ್ಡಾಳ ಕಿಟಕಿಯ ಕೆಳಗೆ ನಿಂತು ಕೈಮುಗಿದ. ಮಫಾಲ್ಡಾಳ ಕಂಠ ಒಂದನ್ನು ಅಡಗಿಸಿದರೆ ಅರ್ಧ ಊರು ಅಡಗಿದಂತೆ.

"ಮಫಾಲ್ಡಕ್ಕ, ನಿಮ್ಮ ದಮ್ಮಯ್ಯ, ಭಾನುವಾರದ ತನಕ ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಗಂಟೆ ಹೊಡೆಯೋ ಟೋಬಿಯಾಗೂ ಹೇಳ್ಬಿಡಿ. ತರಕಾರಿಯವನಿಗೂ."

"ಯಾಕೋ ಎಜಿಡಿಯೊ? ಮುಖ ಯಾಕೆ ಹಾಗಾಗಿದೆ? ಮನೇಲಿ ಏನಾಯ್ತು?"

ಹೇಳಿಬಿಡುತ್ತಿದ್ದನೋ ಏನೋ. ಆದರೆ ಪಕ್ಕದ ಬಾಗಿಲಿಂದ ಸವೇರಿಯೊ ಟೋಪಿ ಸರಿಮಾಡಿಕೊಳ್ಳುತ್ತ ಹೊರಬಂದ.

"ಅದು... ಅರ್ಜೆಂಟೀನಾದಲ್ಲಿ ನಮ್ಮ ದೊಡ್ಡಮ್ಮ ಒಬ್ಬರು... ಹೋಗ್ಬಿಟ್ರು."

ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು. ಇವನ ಸುಳ್ಳು ಬಾಯಿಂದ ಹೊರಬೀಳುವ ಮೊದಲೇ ಕುಂಟುತ್ತಿತ್ತು. ಅವನು ಮನೆಯೊಳಗೆ ಹೋಗುತ್ತಲೂ ಸವೇರಿಯೊ, ಮಫಾಲ್ಡಾ, ಟೋಬಿಯಾ ಮೂವರೂ ಚೌಕದ ಕಾಫಿ ಅಂಗಡಿಯಲ್ಲಿ ವಿಚಾರಣೆಗೆ ಕೂತರು.

"ಅರ್ಜೆಂಟೀನಾದ ದೊಡ್ಡಮ್ಮನಂತೆ," ಎಂದ ಸವೇರಿಯೊ. "ಅಂಚೆ ಕಚೇರೀಲೇ ಕೂತಿದ್ದವನು ಆ ದೊಡ್ಡಮ್ಮನಿಗೆ ಒಂದು ಕ್ರಿಸ್‌ಮಸ್ ಕಾರ್ಡ್ ಹಾಕಿದ್ದನ್ನ ಯಾರಾದ್ರೂ ನೋಡಿದೀರಾ? ಅಂಥವಳಿಗೋಸ್ಕರ ಗಡಿಯಾರ ನಿಲ್ಲಿಸ್ತಾನಾ?"

"ಗಡಿಯಾರ ನಿಂತಿದೆಯಾ?"

"ನಿನ್ನೆ ಸಂಜೆ ಆರು ಹೊಡೆದಿದ್ದೇ ಕೊನೆ. ಅದು ಹೊಡೆದ್ರೆ ನಮ್ಮನೇಲಿ ನಾಯಿ ಬೊಗಳುತ್ತೆ. ರಾತ್ರಿಯಿಡೀ ನಾಯಿ ಬಾಯಿ ಬಿಟ್ಟಿಲ್ಲ."

ಮಫಾಲ್ಡಾ ಸಕ್ಕರೆ ಕಲಕುವುದನ್ನು ನಿಲ್ಲಿಸಿದಳು. "ಹೆಂಡತಿ, ಅತ್ತೆ ಇಬ್ಬರೂ ಯಾತ್ರೆಗೆ ಹೋಗಿದಾರೆ. ಅವರಲ್ಲೇ ಯಾರಿಗೋ ಏನೋ ಆಗಿದೆ."

"ಯಾರಿಗೆ?" ಎಂದ ಟೋಬಿಯಾ.

"ಡೊನಾಟಿನಾಗೆ ಏನಾದ್ರೂ ಆಗಿದ್ರೆ ಇವನಿಗೆ ಅಂಗಿ ಗುಂಡಿ ಹಾಕ್ಕೊಳ್ಳಕ್ಕೂ ತೋಚ್ತಿರಲಿಲ್ಲ. ಗುಂಡಿ ಸರಿಯಾಗೇ ಇತ್ತು. ಹಾಗಾದ್ರೆ ಕಾರ್ಮೊಸಿನಾನೇ." ಮಫಾಲ್ಡಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಕಾನಿಯೊಗೆ ಆಘಾತ ಆಗ್ಬಾರ್ದು ಅಂತ ದೊಡ್ಡಮ್ಮನ ಮೇಲೆ ಹಾಕ್ತಿದಾನೆ. ಎಷ್ಟು ಒಳ್ಳೆ ಮನಸ್ಸು ನೋಡಿ."

ಇಷ್ಟು ತರ್ಕಬದ್ಧವಾಗಿ ಆ ಊರಿನಲ್ಲಿ ಯಾವ ತೀರ್ಮಾನವೂ ಆದದ್ದಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಆದ್ದರಿಂದ ಅಕ್ಕಪಕ್ಕದವರು ಸರದಿಯ ಮೇಲೆ ಬೇಯಿಸಿ ತರಬೇಕು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಮೆಲ್ಲಗೆ ಸದ್ದಾಯಿತು. ಮಫಾಲ್ಡಾ ಕೋಳಿಸಾರಿನ ಪಾತ್ರೆ ಮೇಜಿನ ಮೇಲಿಟ್ಟು, ಅವನ ಕೈ ಅದುಮಿ, ಮಾತಾಡದೆ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬೀದಿಯ ಹೆಂಗಸರು. ಮೊಲದ ಪಲ್ಯ, ಒಲೆಯಲ್ಲಿ ಬೇಯಿಸಿದ ಪಾಸ್ತಾ, ಕುರಿಮಾಂಸ, ಆಲೂಗಡ್ಡೆ, ಎಲ್ಲವೂ ಬಟ್ಟೆ ಮುಚ್ಚಿಕೊಂಡು ಬಂದವು. ಇಲ್ಲದ ದೊಡ್ಡಮ್ಮನಿಗೆ ಇಷ್ಟೊಂದು ಮರ್ಯಾದೆಯೇ ಎಂದು ಎಜಿಡಿಯೊಗೆ ನಾಚಿಕೆಯೂ ಆಯಿತು, ಅತಿಥಿಗೆ ಏನು ಬೇಯಿಸಿ ಹಾಕುವುದೆಂಬ ಚಿಂತೆ ತಪ್ಪಿತೆಂದು ಸಂತೋಷವೂ ಆಯಿತು. ಎರಡೂ ಸೇರಿ ಅವನ ಮುಖ ಅಳುಮುಖವಾಗಿಯೇ ಕಂಡಿತು.

ಪರಿಮಳ ಮಹಡಿಗೆ ಹೋಗದೇ ಇರುತ್ತದೆಯೇ? ಮೆಟ್ಟಿಲ ಮೇಲೆ ಗುನ್ವೊರ್ ಕಾಣಿಸಿಕೊಂಡಳು. ಕರಿ ಕೋಟು, ಗಂಭೀರ ಮುಖ, ಬೆಳ್ಳಿ ಕೂದಲು. ಎಜಿಡಿಯೊ ಇನ್ನು ತನ್ನ ಕಥೆ ಮುಗಿಯಿತೆಂದು ಕಣ್ಣು ಮುಚ್ಚಿಕೊಂಡ.

"ಇವರು ಅಲ್ಲಿಂದ ಬಂದವರಾ?" ಎಂದು ಮಫಾಲ್ಡಾ ಪಿಸುಗುಟ್ಟಿದಳು.

"ಹೌದು, ದೂರದಿಂದ," ಎಂದ ಅವನು. ಇನ್ನೇನು ಹೇಳುವುದು?

ಮಫಾಲ್ಡಾಗೆ ಎಲ್ಲವೂ ಅರ್ಥವಾಯಿತು. ಕ್ಷೇತ್ರದಲ್ಲಿ ರೋಗಿಗಳನ್ನು ನೋಡಿಕೊಳ್ಳುವ ದಾದಿಯರು ಇರುತ್ತಾರಲ್ಲ, ಕೊನೆಗಳಿಗೆಯಲ್ಲಿ ಕಾರ್ಮೊಸಿನಾಳ ಕೈ ಹಿಡಿದವಳು ಇವಳೇ, ಸುದ್ದಿ ತಂದವಳೂ ಇವಳೇ. ಅವಳು ಎದ್ದು ಹೋಗಿ, ತನ್ನ ಕರಿ ಶಾಲನ್ನು ಗುನ್ವೊರಳ ಹೆಗಲಿಗೆ ಹೊದಿಸಿ, ಗಟ್ಟಿಯಾಗಿ ತಬ್ಬಿಕೊಂಡಳು. ಸಾಲಾಗಿ ನಿಂತು ಉಳಿದವರೂ ತಬ್ಬಿದರು. ಸ್ವೀಡನ್ನಿನ ಶಿಕ್ಷಕಿ ಮೊದಲು ಬಾಗಿಲ ಕಂಬದಂತೆ ನಿಂತಿದ್ದಳು. ನಾಲ್ಕನೆಯ ಅಪ್ಪುಗೆಗೆ ಅವಳ ಕೈಗಳೂ ಮೇಲೆದ್ದವು. ಆಮೇಲೆ ಅವಳನ್ನು ಮೇಜಿನ ತಲೆಭಾಗದಲ್ಲಿ ಕೂರಿಸಿ ತಟ್ಟೆ ತುಂಬಿಸಿದರು. ಯಾರೂ ಮಾತಾಡಲಿಲ್ಲ, ಅವಳು ಮೂರು ಸಲ ಹಾಕಿಸಿಕೊಂಡು ಉಂಡಳು.

ಶನಿವಾರ ಬೆಳಿಗ್ಗೆ ಗಂಟೆ ಶುರುವಾಯಿತು. ಕಾಲು ಗಂಟೆಗೊಮ್ಮೆಯಲ್ಲ, ಒಂದೇ ಸಮನೆ. ಒಂದು ಹೊಡೆತ, ಉಸಿರು ಬಿಡುವಷ್ಟು ಬಿಡುವು, ಮತ್ತೊಂದು ಹೊಡೆತ. ಸಾವಿನ ಗಂಟೆ. ಎಜಿಡಿಯೊ ಹಾಸಿಗೆಯಿಂದ ಜಿಗಿದು, ಇವತ್ತು ಟೋಬಿಯಾನ ಕೈ ಮುರಿದೇ ಬಿಡುತ್ತೇನೆಂದು ಚೌಕಕ್ಕೆ ಓಡಿದ. ಅಲ್ಲಿ ಗೋಡೆಯ ಮೇಲೆ ಕಪ್ಪು ಅಂಚಿನ ಹೊಸ ಭಿತ್ತಿಪತ್ರದ ಅಂಟು ಇನ್ನೂ ಹಸಿಯಾಗಿತ್ತು. ಊರಿನಲ್ಲಿ ಯಾರು ಸತ್ತರೂ ಆ ಗೋಡೆಗೆ ಬರುತ್ತಾರೆ.

"ಊರಿನ ತಾಯಿ, ದಾನಕ್ಕೆ ಎಂದೂ ಹಿಂಜರಿಯದ ಕೈ, ಎಂದೂ ಗಟ್ಟಿಯಾಗಿ ಮಾತಾಡದ ಕಾರ್ಮೊಸಿನಾ, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ, ಮಾತೆಯ ಪಾದದಲ್ಲೇ ಕಣ್ಣು ಮುಚ್ಚಿದರು. ಶೋಕಿಸುವವರು: ಮಗ ಕಾನಿಯೊ, ಮಗಳು, ಅಳಿಯ. ಭಾನುವಾರ ಯಾತ್ರೆಯ ಬಸ್ಸಿನಲ್ಲಿ ದೇಹ ಬರಲಿದೆ."

ಕಾನಿಯೊನ ಹೆಸರು ಸತ್ತವಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು.

ಎಜಿಡಿಯೊ ಎರಡು ಸಲ ಓದಿದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನನ್ನು ಅಮುಕಿ ಹಿಡಿದರು. ಬೆಳ್ಳುಳ್ಳಿ, ಮೆಣಸಿನ ವಾಸನೆಯಿಂದಲೇ ಕಾನಿಯೊ ಎಂದು ಗೊತ್ತಾಯಿತು.

"ಭಾವ, ಮಗ ನಾನು. ನನಗೆ ಹೇಳದೇ ನಿಂಗೆ ಹೇಳಿಕಳಿಸಿದ್ರಲ್ಲ. ಅಕ್ಕನಿಗೆ ರಾತ್ರಿಯಿಂದ ಫೋನ್ ಮಾಡ್ತಿದೀನಿ, ಹೋಗೋದೇ ಇಲ್ಲ."

ಹೋಗುವುದು ಹೇಗೆ? ಯಾತ್ರೆ ಮುಗಿಯುವ ತನಕ ಫೋನು ಮುಟ್ಟಕೂಡದೆಂದು ಪಾದ್ರಿಗಳು ಎಲ್ಲರಿಂದ ಕಸಿದು ಚೀಲಕ್ಕೆ ಹಾಕಿಕೊಂಡಿದ್ದರು. ಎಜಿಡಿಯೊಗೆ ಅದು ಗೊತ್ತಿತ್ತು. ಅತ್ತೆ ಕಲ್ಲುಗುಂಡಿನಂತಿದ್ದಾರೆ, ಸತ್ತಿಲ್ಲ ಎಂಬ ಮಾತು ಅವನ ಗಂಟಲಿಗೂ ಬಂದಿತು. ಆಗಲೇ ಸವೇರಿಯೊ ಪಕ್ಕಕ್ಕೆ ಬಂದು ನಿಂತ.

"ನಿಮ್ಮನೇಲಿರೋ ಆ ದಾದಿಯಮ್ಮ ದಾದಿನೇ ತಾನೆ, ಎಜಿಡಿಯೊ? ಬಾಡಿಗೆಗಿಡಿಗೆ ಅಂತ ಏನಾದ್ರೂ ಆದ್ರೆ ನಾನು ಬರೀಬೇಕಾಗುತ್ತೆ. ದುಃಖದ ಮನೆ, ಕೇಳ್ಬಾರ್ದು. ಆದ್ರೂ ಕೆಲಸ ನೋಡು."

ಉಳಿದಿರುವುದು ಒಂದೇ ರಾತ್ರಿ. ನಿಜ ಹೇಳಿದರೆ ಅತ್ತೆ ಬದುಕುತ್ತಾಳೆ, ಕೋಣೆ ಸಾಯುತ್ತದೆ. ಹೇಗೂ ಅತ್ತೆ ಭಾನುವಾರ ತಾನಾಗಿಯೇ ಬದುಕಿ ಬರುತ್ತಾಳಲ್ಲ, ಒಂದು ದಿನದ ಮಟ್ಟಿಗೆ ಸತ್ತರೆ ಅವಳಿಗೇನು ನಷ್ಟ? ಎಜಿಡಿಯೊ ಮಾತನ್ನು ನುಂಗಿಕೊಂಡು, ತಲೆ ತಗ್ಗಿಸಿ, "ದೇವರ ಇಚ್ಛೆ," ಎಂದ. ಮಾತು ಬೆಳ್ಳಿ ಮೌನ ಬಂಗಾರ ಎಂದ ಹಿರಿಯರು ಇಂಥ ಸಂದರ್ಭವನ್ನು ಯೋಚಿಸಿರಲಾರರು.

"ಅಮ್ಮನ ಕೋಣೇನ ಖಾಲಿ ಬಿಟ್ರೆ ಅವಳ ಆತ್ಮಕ್ಕೆ ನೋವಾಗುತ್ತೆ ಭಾವ," ಎಂದು ಕಾನಿಯೊ ಮೂಗು ಒರೆಸಿಕೊಂಡ. "ರಾತ್ರಿನೇ ಮಂಚ ಎತ್ತಿಸಿ ಸಾಸೇಜು ತೂಗುಹಾಕಿದೆ. ಅವಳೇ ಕೈಯಾರೆ ತುಂಬಿದ್ದು. ಅವಳ ಜಾಗದಲ್ಲಿ ಅವಳ ಕೈಕೆಲಸ ಇದ್ರೆ ಚೆನ್ನ, ಅಲ್ವಾ?"

ಎಜಿಡಿಯೊಗೆ ಅಸಹ್ಯವಾಯಿತು. ಇನ್ನು ತನ್ನ ಕೋಣೆ ಇವನಿಗೆ ಬೇಕಿಲ್ಲ ಎಂದು ಹೊಳೆದು ಒಳಗೊಳಗೇ ಖುಷಿಯೂ ಆಯಿತು. ಆ ಖುಷಿಗೆ ತನ್ನ ಮೇಲೇ ಇನ್ನಷ್ಟು ಅಸಹ್ಯವಾಯಿತು.

ಮನೆಗೆ ಬರುವಾಗ, ಈ ಗಂಟೆಯ ಹೊಡೆತಕ್ಕೆ ಗುನ್ವೊರ್ ಪೆಟ್ಟಿಗೆ ಕಟ್ಟಿರುತ್ತಾಳೆಂಬ ಭಯ. ನೋಡಿದರೆ ಅವಳು ಶಾಲು ಹೊದ್ದು ಹೆಂಗಸರ ನಡುವೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವನನ್ನು ಕಂಡು ಪುಸ್ತಕ ತೆಗೆದು, ಹಾಳೆ ಮಗುಚಿ, ಹೇಳಿದಳು: "ನಮ್ಮ ಊರು. ತುಂಬಾ ಶಾಂತ. ಗಂಡ ಸತ್ತಾಗ, ಬಾಗಿಲಿಗೆ ಯಾರೂ ಬರಲಿಲ್ಲ." ಸ್ವಲ್ಪ ಹುಡುಕಿ ಸೇರಿಸಿದಳು: "ಇಲ್ಲಿ ಒಳ್ಳೆಯದು."

ಎಜಿಡಿಯೊ ಒಂದು ತಟ್ಟೆಗೆ ಕುರಿಮಾಂಸ ಹಾಕಿ ಅವಳ ಮುಂದಿಟ್ಟ.

ಭಾನುವಾರ ಮಧ್ಯಾಹ್ನ ಊರಿಗೆ ಊರೇ ಬಸ್ಸು ನಿಲ್ಲುವ ಚೌಕದಲ್ಲಿ ಸೇರಿತು. ಮುಂದೆ ವಾದ್ಯದವರು, ಅವರ ಹಿಂದೆ ಹೂವಿನ ಚಕ್ರ ಹಿಡಿದ ಕಾನಿಯೊ, ಅವನ ಪಕ್ಕ ಗಡ್ಡ ಬೆಳೆದ ಎಜಿಡಿಯೊ, ಕರಿ ಶಾಲಿನ ಗುನ್ವೊರ್. ಎಜಿಡಿಯೊನ ಲೆಕ್ಕಾಚಾರವೆಲ್ಲ ಅತ್ತೆ ಬದುಕಿ ಬರುವ ತನಕ ಮಾತ್ರ ಇತ್ತು. ಬಂದ ಮೇಲೆ ಏನೆಂದು ಅವನು ಯೋಚಿಸಿರಲಿಲ್ಲ. ಈಗ ಯೋಚಿಸಿದ, ಮೆಲ್ಲಗೆ ಹೂವಿನ ಚಕ್ರದ ಮರೆಗೆ ಸರಿದ.

ಬಸ್ಸು ತಿರುವಿನಲ್ಲಿ ಕಂಡದ್ದೇ ತಡ, ವಾದ್ಯದವರು ಶೋಕಗೀತೆ ಎತ್ತಿದರು. ಬಾಗಿಲು ತೆರೆಯಿತು. ಎಂದಿನಂತೆ ಪಾದ್ರಿಯನ್ನೂ ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ ಎಲ್ಲರಿಗಿಂತ ಮೊದಲು ಕೆಳಗಿಳಿದವಳು ಕಾರ್ಮೊಸಿನಾ.

ತುತ್ತೂರಿ ನಿಂತಿತು. ಕೊಳಲು ನಿಂತಿತು. ತಮಟೆಯವನ ಕೋಲು ಮೇಲೆಯೇ ಉಳಿಯಿತು. ಕಿವಿ ಕೇಳದ ದೊಡ್ಡ ಕಹಳೆಯವನೊಬ್ಬ ಕಣ್ಣು ಮುಚ್ಚಿ ಊದುತ್ತಲೇ ಇದ್ದ.

ಕಾರ್ಮೊಸಿನಾ ಸುತ್ತ ನೋಡಿದಳು. ಮುಖ ಅರಳಿತು. "ಡೊನಾಟಿನಾ, ನೋಡಿದ್ಯಾ? ಯಾತ್ರೆ ಮುಗಿಸಿ ಬಂದವರಿಗೆ ವಾದ್ಯ ಇಡ್ಸೋಷ್ಟು ಬುದ್ಧಿ ಈಗಲಾದ್ರೂ ಬಂತು ಈ ಊರಿಗೆ." ಅವಳು ಕೈ ಬೀಸಿದಳು. ಯಾರೂ ತಿರುಗಿ ಬೀಸಲಿಲ್ಲ. ಮಫಾಲ್ಡಾ ನಿಂತಲ್ಲೇ ಕುಸಿದಳು. ಆಗ ಕಾರ್ಮೊಸಿನಾಳ ಕಣ್ಣು ಗೋಡೆಗೆ ಬಿತ್ತು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಕೊನೆಯ ಅಕ್ಷರದ ತನಕ ಓದಿದಳು. ಕಹಳೆಯವನಿಗೂ ಅಷ್ಟರಲ್ಲಿ ಯಾರೋ ತಿವಿದಿದ್ದರು.

"ಎಂಬತ್ತೊಂದು ಅಂತ ಬರೆಸಿದವನು ಯಾರು?" ಎಂದಳು. "ನಂಗೆ ಎಪ್ಪತ್ತೊಂಬತ್ತು."

ಹೂವಿನ ಚಕ್ರ ಕಾನಿಯೊನ ಕೈಯಿಂದ ಜಾರಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮೂರು ದಿನ ಕಟ್ಟಿಟ್ಟಿದ್ದ ಸದ್ದೆಲ್ಲ ಒಮ್ಮೆಲೇ ಒಡೆದುಕೊಂಡು ಬಂತು. ಅದರ ಮಧ್ಯೆ ಕಾರ್ಮೊಸಿನಾ ಗೋಡೆಗೆ ಬೆನ್ನು ಕೊಟ್ಟು ನಿಂತು ತನಿಖೆ ನಡೆಸಿದಳು.

"ಊಟ ಯಾರ್ಯಾರು ತಂದ್ರಿ?"

"ನಾನು ಕೋಳಿಸಾರು, ಆಮೇಲೆ ಮೊಲ," ಎಂದು ಮಫಾಲ್ಡಾ ತೊದಲಿದಳು.

"ಬದುಕಿದ್ದಾಗ ಒಂದು ಮೊಲದ ಕಾಲೂ ಕಂಡಿಲ್ಲ ನಿನ್ನ ಮನೆಯಿಂದ. ಆಗ್ಲಿ. ನನ್ನ ಮಗ ಏನು ಮಾಡ್ದ?"

ಟೋಬಿಯಾ ನೆಲ ನೋಡುತ್ತ ಹೇಳಿದ, "ನಿಮ್ಮ ಕೋಣೇಲಿ ಸಾಸೇಜು ತೂಗುಹಾಕಿದಾನೆ, ಕಾರ್ಮೊಸಿನಮ್ಮ."

"ಅಮ್ಮ, ಅದು ನಿನ್ನ ನೆನಪಿಗೆ..."

"ನೀನು ಸುಮ್ನಿರು." ಅವಳ ದನಿ ತಗ್ಗಿತ್ತು. ಅದು ಎಲ್ಲರಿಗೂ ಹೊಸದು. "ಮತ್ತೆ ಆ ಅಂಚೆಯವನು?"

ಮಫಾಲ್ಡಾಗೆ ಮಾತು ಮರಳಿತು. "ಅವನ ವಿಷಯ ಕೇಳ್ಬೇಡಿ, ಕಣ್ಣಲ್ಲಿ ನೀರು ಬರುತ್ತೆ. ಅವರಪ್ಪನ ಗಡಿಯಾರ ನಿಲ್ಲಿಸಿದ. ಒಲೆ ಹಚ್ಚಲಿಲ್ಲ, ಗಡ್ಡ ತೆಗೀಲಿಲ್ಲ. ಯಾರೂ ಗಟ್ಟಿಯಾಗಿ ಮಾತಾಡ್ಬೇಡಿ ಅಂತ ಕೈಮುಗಿದು ಬೇಡ್ಕೊಂಡ."

ಕಾರ್ಮೊಸಿನಾ ಅಳಿಯನತ್ತ ತಿರುಗಿದಳು. ಕನ್ನಡಕ ತೆಗೆದು ಒರೆಸಿಕೊಂಡಳು.

"ನನಗೋಸ್ಕರ ಗಡಿಯಾರ ನಿಲ್ಲಿಸಿದ್ಯಾ, ಎಜಿಡಿಯೊ?"

ತನ್ನ ಹೆಸರು ಅವಳಿಗೆ ಗೊತ್ತಿತ್ತೆಂಬುದೇ ಎಜಿಡಿಯೊಗೆ ಅಂದು ತಿಳಿಯಿತು. ಅವನ ಎದೆ ತುಂಬಿತು, ಜತೆಗೇ ಸುಳ್ಳಿನ ಭಾರಕ್ಕೆ ಕುಸಿಯಿತು. "ಅತ್ತೆ, ನಿಜ ಹೇಳ್ಬೇಕು ಅಂದ್ರೆ..." ಎಂದು ಶುರುಮಾಡಿದ. ಡೊನಾಟಿನಾ ಅವನನ್ನೂ ಕರಿ ಶಾಲಿನ ಪರದೇಶದ ಹೆಂಗಸನ್ನೂ ಒಮ್ಮೆ ನೋಡಿ, ನಡೆದದ್ದನ್ನೆಲ್ಲ ಒಂದೇ ಗುಕ್ಕಿಗೆ ಊಹಿಸಿ, ಗಂಡನ ಪಾದವನ್ನು ತನ್ನ ಹಿಮ್ಮಡಿಯಿಂದ ಒತ್ತಿ ಹಿಡಿದಳು. ಅವನು ನಿಜವನ್ನು ಅಲ್ಲಿಗೇ ಬಿಟ್ಟ.

"ಹಾಗಾದ್ರೆ ಈ ದಾದಿ ಯಾರು?" ಎಂದು ಸವೇರಿಯೊ ಜೇಬಿನಿಂದ ಪೆನ್ನು ತೆಗೆದ. "ಪರವಾನಗಿ..."

"ನನ್ನ ಸಾವಿಗೆ ಅಳಕ್ಕೆ ಬಂದವಳ ಹತ್ರ ಪರವಾನಗಿ ಕೇಳ್ತೀಯೇನೋ?" ಎಂದಳು ಕಾರ್ಮೊಸಿನಾ. ಸವೇರಿಯೊ ಪೆನ್ನು ಒಳಗಿಟ್ಟ. ಗುನ್ವೊರ್ ಮುಂದೆ ಬಂದು, ಮೂರು ದಿನದಲ್ಲಿ ಕಲಿತದ್ದನ್ನು ಮರೆಯದೆ, ಸತ್ತು ಬದುಕಿದವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಆಮೇಲೆ ಪುಸ್ತಕ ನೋಡದೆಯೇ ಎಜಿಡಿಯೊಗೆ ಹೇಳಿದಳು, "ಮುಂದಿನ ವರ್ಷ ಮತ್ತೆ." ಸಂಜೆಯ ಬಸ್ಸಿಗೆ ನಗುನಗುತ್ತಲೇ ಹೋದಳು. ಡೊನಾಟಿನಾ ಮಾತಿಗೆ ತಪ್ಪುವವಳಲ್ಲ. ಕೋಣೆ ಎಜಿಡಿಯೊನದಾಯಿತು.

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಮಾತ್ರ.

"ಸಾಸೇಜಿನ ಜತೆ ನಾನು ಮಲಗಲ್ಲ," ಎಂದಳು ಕಾರ್ಮೊಸಿನಾ, ಪೆಟ್ಟಿಗೆ ಎತ್ತಿ ಅಳಿಯನ ಕೈಗೆ ಕೊಡುತ್ತ. "ನಿನ್ನ ಮನೆ ಮೇಲೊಂದು ಕೋಣೆ ಖಾಲಿ ಇದೆಯಲ್ಲ, ಎಜಿಡಿಯೊ."

ಈಗ ಅವಳು ಅಲ್ಲಿಯೇ ಇದ್ದಾಳೆ. ನಲ್ಲಿ ಕಿರುಚಿದರೆ ಮೇಲಿಂದ ಕೋಲಿನಲ್ಲಿ ನೆಲ ಕುಟ್ಟುತ್ತಾಳೆ. ಗೋಡೆಯ ಭಿತ್ತಿಪತ್ರವನ್ನು ಕೀಳಲು ಬಿಟ್ಟಿಲ್ಲ; ವಯಸ್ಸನ್ನು ಮಾತ್ರ ಪೆನ್ಸಿಲಿನಲ್ಲಿ ತಿದ್ದಿ, ದಿನಾ ಸಂಜೆ ಹೋಗಿ ಓದಿ ಬರುತ್ತಾಳೆ. ಗಡಿಯಾರಕ್ಕೆ ಕೀಲಿ ಕೊಡಹೋದ ಅಳಿಯನಿಗೆ, "ಇರ್ಲಿ ಬಿಡು, ನಿಂತಿದ್ದನ್ನ ನೋಡಿದ್ರೆ ಮನಸ್ಸಿಗೆ ಹಿತ," ಎಂದಳು. ಮೊನ್ನೆ ಸಾರಿಗೆ ಉಪ್ಪು ಕಡಿಮೆಯೆಂದು ಅವಳು ತಟ್ಟೆ ತಳ್ಳಿದಾಗ ಎಜಿಡಿಯೊ ಧೈರ್ಯ ಮಾಡಿ, ಎರಡು ದಿನದ ಮಟ್ಟಿಗಾದರೂ ಕಾನಿಯೊನ ಮನೆಗೆ ಹೋಗಿ ಬರಬಾರದೇ ಎಂದು ಮೆಲ್ಲಗೆ ಕೇಳಿದ.

"ಯಾಕಪ್ಪ ಹೋಗ್ಲಿ?" ಎಂದಳು ಕಾರ್ಮೊಸಿನಾ, ಉಪ್ಪಿನ ಬಟ್ಟಲನ್ನು ಹತ್ತಿರ ಎಳೆದುಕೊಳ್ಳುತ್ತ. "ಮೊದಲನೇ ಸಲ ಎಷ್ಟು ಚೆನ್ನಾಗಿ ನೋಡ್ಕೊಂಡೆ. ಎರಡನೇ ಸಲಾನೂ ನಿನ್ನ ಮನೇಲೇ ಸಾಯ್ತೀನಿ. ಆತುರ ಏನಿಲ್ಲ."